ಕ್ರಿಂಪಿಂಗ್ ಟೂಲ್

ಕ್ರಿಂಪಿಂಗ್ ಟೂಲ್: ವಿದ್ಯುತ್ ತಂತಿಯ ತುದಿಗೆ ಲಗ್ಗು, ಪಿನ್ನು ಅಥವಾ ಕನೆಕ್ಟರನ್ನು ಬೆಸುಗೆಯಿಲ್ಲದೆ ಅದುಮಿ ಕೂರಿಸುವ ಸಾಧನ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿದ ಡೆಂಕಣಿಕೋಟೆ ಸೀಮೆಯಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಕಡೆ ಕೆಲಸ. ಒಂದು, ಕೊಳವೆಬಾವಿ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ಇನ್ನೊಂದು, ಟ್ರ್ಯಾಕ್ಟರು, ಟೆಂಪೊ, ಬೈಕುಗಳ ವೈರಿಂಗ್. ಹತ್ತಿರದ ಹೊಸೂರಿನ ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟಾರ್ ಕಾರ್ಖಾನೆಗಳಲ್ಲಿ ತಯಾರಾಗುವ ವಾಹನಗಳ ವೈರಿಂಗಿನಲ್ಲೂ ಬಹುಪಾಲು ಜೋಡಣೆ ಹೀಗೆ ಅದುಮಿದ್ದೇ. ಟೂಲು ಒಳ್ಳೆಯದೇ ಎಂಬುದನ್ನು ಬೆಲೆಯಿಂದ ತಿಳಿಯಲಾಗದು. ತಂತಿ, ಲಗ್ಗು, ಡೈ (ಲಗ್ಗನ್ನು ಅದುಮುವ ದವಡೆಯ ಅಚ್ಚು) ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು.

ತತ್ತ್ವ

ತಂತಿಯ ಎಳೆಗಳನ್ನು ಲಗ್ಗಿನ ಕೊಳವೆಗೆ ತೂರಿಸಿ ತಕ್ಕಷ್ಟು ಬಲದಿಂದ ಅದುಮಿದಾಗ ಎರಡೂ ಲೋಹಗಳು ಹಿಂದಿನ ಆಕಾರಕ್ಕೆ ಮರಳದಂತೆ ರೂಪ ಬದಲಿಸುತ್ತವೆ. ಮೇಲಿನ ಆಕ್ಸೈಡ್ ಪೊರೆ ಹರಿದು ಲೋಹಕ್ಕೆ ಲೋಹ ನೇರವಾಗಿ ತಾಗುತ್ತದೆ. ಎಳೆಗಳ ನಡುವಣ ಸಂದು ಮುಚ್ಚಿ ಗಾಳಿ, ತೇವ ಒಳಗೆ ಹೋಗದಂತಾಗುತ್ತದೆ. ಒತ್ತು ಕಡಿಮೆಯಾದರೆ ಸಂದು ಉಳಿಯುತ್ತದೆ. ಮಿತಿಮೀರಿದರೆ ಎಳೆಗಳು ತೆಳುವಾಗಿ ತುಂಡಾಗುತ್ತವೆ.

10 ಎಚ್‌.ಪಿ. ಮೂರು ಫೇಸ್ ಮೋಟಾರು ಸುಮಾರು 15 ಆಂಪಿಯರ್ ಎಳೆಯುತ್ತದೆ. ಅದರ ತಂತಿಯ ಒಂದು ತುದಿಯಲ್ಲಿ ಒತ್ತು ಸಾಲದೆ 0.1 ಓಮ್ ರೋಧ ಉಳಿದರೂ ಅಷ್ಟು ಚಿಕ್ಕ ಜಾಗದಲ್ಲಿ 22.5 ವ್ಯಾಟ್ ಶಾಖ ಹುಟ್ಟುತ್ತದೆ. ಶಾಖಕ್ಕೆ ಆಕ್ಸೈಡ್ ಬೆಳೆದು ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಂತೆ ಶಾಖವೂ ಏರುತ್ತದೆ. ಕೊನೆಗೆ ತುದಿ ಸುಟ್ಟು ಒಂದು ಫೇಸ್ ಕಡಿದುಹೋದರೆ ಮೋಟಾರು ಉಳಿದೆರಡರಲ್ಲೇ ಹೆಣಗುತ್ತ ಹೆಚ್ಚು ಕರೆಂಟ್ ಎಳೆಯುತ್ತದೆ. ಓವರ್‌ಲೋಡ್ ರಿಲೇ ಸಕಾಲಕ್ಕೆ ಬಿಡಿಸದಿದ್ದರೆ ವೈಂಡಿಂಗ್ ಸುಡುತ್ತದೆ. ಆಳಕ್ಕಿಳಿಸಿದ ಸಬ್‌ಮರ್ಸಿಬಲ್ ಮೋಟಾರನ್ನು ಪೈಪುಗಳ ಸಮೇತ ಮೇಲೆತ್ತಿ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ತನಕ ಬೆಳೆಗೆ ನೀರಿಲ್ಲ. ಕೆಲವೇ ರೂಪಾಯಿಯ ಲಗ್ಗನ್ನು ಸರಿಯಾಗಿ ಅದುಮುವುದು ರೈತನ ಫಸಲನ್ನು ಕಾಯುವ ಕೆಲಸ.

ಅದುಮಿ ಜೋಡಿಸುವ ಈ ವಿಧಾನ ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1941ರಲ್ಲಿ ಅಮೆರಿಕದ ಯು. ಎ. ವಿಟೇಕರ್ ಸ್ಥಾಪಿಸಿದ ಏರ್‌ಕ್ರಾಫ್ಟ್ ಮರೀನ್ ಪ್ರಾಡಕ್ಟ್ಸ್ ಕಂಪನಿ ವಿಮಾನ ಮತ್ತು ಹಡಗುಗಳಿಗೆ ಬೆಸುಗೆ ಬೇಡದ ಲಗ್ಗುಗಳನ್ನು ಒದಗಿಸಿತು.

ಲಗ್ಗುಗಳ ಬಗೆ

ಪ್ಲಾಸ್ಟಿಕ್ ತೊಟ್ಟ ರಿಂಗ್, ಫೋರ್ಕ್ ಮತ್ತು ಪಿನ್ ಲಗ್ಗುಗಳ ಅಳತೆಯನ್ನು ಬಣ್ಣವೇ ಹೇಳುತ್ತದೆ: ಕೆಂಪು 0.5ರಿಂದ 1.5 ಚದರ ಮಿ.ಮೀ., ನೀಲಿ 1.5ರಿಂದ 2.5, ಹಳದಿ 4ರಿಂದ 6. ಪ್ಯಾನೆಲ್ ಬೋರ್ಡಿನ ಸ್ಕ್ರೂ ಟರ್ಮಿನಲ್‌ಗಳಿಗೆ ಹೋಗುವ ಎಳೆತಂತಿಯ ತುದಿಗೆ ಫೆರೂಲ್ ಎಂಬ ತೆಳು ಕೊಳವೆ ಬೇಕು. ವಾಹನದ ಕನೆಕ್ಟರುಗಳಲ್ಲಿ ಮೇಲ್ಭಾಗ ತೆರೆದ ಲಗ್ಗುಗಳಿರುತ್ತವೆ. ಅವುಗಳ ಮುಂದಿನ ಜೋಡಿ ರೆಕ್ಕೆ ತಾಮ್ರವನ್ನೂ ಹಿಂದಿನ ಜೋಡಿ ತಂತಿಯ ಹೊದಿಕೆಯನ್ನೂ ಹಿಡಿಯುತ್ತವೆ. ಹಿಂದಿನ ಹಿಡಿತವಿಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಎಳೆಗಳು ಕುತ್ತಿಗೆಯಲ್ಲೇ ಮುರಿಯುತ್ತವೆ. ದಪ್ಪ ಕೇಬಲ್ಲಿಗೆ ಕೊಳವೆಯಾಕಾರದ ತಾಮ್ರದ ಅಥವಾ ಅಲ್ಯೂಮಿನಿಯಂ ಲಗ್ಗು ಸರಿ.

ಟೂಲಿನ ಬಗೆ

ತಂತಿ ಕತ್ತರಿಸುವ, ಹೊದಿಕೆ ಸುಲಿಯುವ, ಅದುಮುವ ಮೂರೂ ಕೆಲಸಗಳನ್ನು ಒಂದರಲ್ಲೇ ಅಡಕಿಸಿದ ಸಾದಾ ಇಕ್ಕಳದಲ್ಲಿ ಒತ್ತು ಪೂರ್ತಿಯಾಗಿ ಕೈಬಲವನ್ನೇ ನಂಬಿದೆ. ಮೊದಲ ಲಗ್ಗಿಗೆ ಬಿದ್ದ ಒತ್ತು ಕೈ ದಣಿದ ಮೇಲಿನ ಲಗ್ಗಿಗೆ ಬೀಳುವುದಿಲ್ಲ. ರ್‍ಯಾಚೆಟ್ ಟೂಲಿನಲ್ಲಿ ಡೈ ಪೂರ್ತಿ ಮುಚ್ಚುವ ತನಕ ಹಿಡಿ ಬಿಚ್ಚಿಕೊಳ್ಳದು. ಆದ್ದರಿಂದ ಯಾರೇ ಅದುಮಿದರೂ ಒತ್ತು ಒಂದೇ ತೆರನಾಗಿರುತ್ತದೆ. ಫೆರೂಲ್ ಟೂಲು ಕೊಳವೆಯನ್ನು ನಾಲ್ಕು ಅಥವಾ ಆರು ಮಗ್ಗುಲಿನಿಂದ ಅದುಮುತ್ತದೆ. ದಪ್ಪ ಕೇಬಲ್‌ಗಳಿಗೆ ಷಟ್ಕೋನದ ಡೈಗಳಿರುವ ಉದ್ದ ಹಿಡಿಯ ಟೂಲು ಅಥವಾ ಹೈಡ್ರಾಲಿಕ್ ಟೂಲು ಬೇಕಾಗುತ್ತದೆ.

ಆಯ್ಕೆಯ ಕ್ರಮ

ಮೊದಲು ಕೆಲಸದಲ್ಲಿ ಬರುವ ತಂತಿಗಳ ಅಳತೆಯನ್ನು ಪಟ್ಟಿ ಮಾಡಬೇಕು, ಬಳಿಕ ಅವಕ್ಕೆ ತಕ್ಕ ಲಗ್ಗನ್ನು ಗೊತ್ತುಮಾಡಬೇಕು, ಕೊನೆಗೆ ಆ ಲಗ್ಗು ತಯಾರಿಸಿದವರು ಹೇಳುವ ಡೈ ಇರುವ ಟೂಲನ್ನು ಕೊಳ್ಳಬೇಕು. ಪ್ಲಾಸ್ಟಿಕ್ ತೊಟ್ಟ ಲಗ್ಗಿನ ಡೈ, ಬರಿ ಲಗ್ಗಿನ ಡೈ, ವಾಹನದ ತೆರೆದ ಲಗ್ಗಿನ ಡೈ ಬೇರೆ ಬೇರೆ. ಒಂದರ ಕೆಲಸ ಇನ್ನೊಂದರಿಂದ ಆಗದು. ಡೈ ಬದಲಿಸಬಹುದಾದ ರ್‍ಯಾಚೆಟ್ ಟೂಲೊಂದಿದ್ದರೆ ಹಳ್ಳಿಯ ಎಲೆಕ್ಟ್ರಿಷಿಯನ್‌ಗೆ ಪೆಟ್ಟಿಗೆಯ ಕೆಲಸವೂ ಬಂಡಿಯ ಕೆಲಸವೂ ಸಾಗುತ್ತವೆ. ಅಂಗಡಿಯಲ್ಲಿ ನೋಡಬೇಕಾದದ್ದು: ಡೈಯ ಮೇಲೆ ಅಳತೆ ಕೊರೆದಿದೆಯೇ, ಎರಡು ದವಡೆಗಳು ಓರೆಯಾಗದೆ ಕೂಡುತ್ತವೆಯೇ, ತಿರುಗುಗೂಟ ಅಲ್ಲಾಡುತ್ತದೆಯೇ, ಒತ್ತನ್ನು ಹೊಂದಿಸುವ ಚಕ್ರ ಇದೆಯೇ, ತಪ್ಪಾಗಿ ಇಟ್ಟ ಲಗ್ಗನ್ನು ಮಧ್ಯದಲ್ಲೇ ಬಿಡಿಸಲು ಲಿವರ್ ಇದೆಯೇ, ಡೈಗಳು ಬಿಡಿಯಾಗಿ ಸಿಗುತ್ತವೆಯೇ.

ಪರೀಕ್ಷೆ

ಕೆಲಸಕ್ಕೆ ಮುನ್ನ ತುಂಡು ತಂತಿಯ ಮೇಲೆ ಎರಡು ಮೂರು ಲಗ್ಗು ಅದುಮಿ ಎಳೆದು ನೋಡಬೇಕು. ಅಂತರರಾಷ್ಟ್ರೀಯ ಮಾನದಂಡ ಐಇಸಿ 60352-2ರ ಪ್ರಕಾರ 1.5 ಚದರ ಮಿ.ಮೀ. ತಂತಿಯ ಜೋಡಣೆ ಕನಿಷ್ಠ 150 ನ್ಯೂಟನ್, 2.5ರದು 230 ನ್ಯೂಟನ್ ಎಳೆತ ತಡೆಯಬೇಕು. ಎಂದರೆ ಸುಮಾರು 15 ಮತ್ತು 23 ಕಿಲೊ ಭಾರ. ಅದುಮಿದ ಲಗ್ಗನ್ನು ಗರಗಸದಿಂದ ಅಡ್ಡ ಕೊಯ್ದು ಕೊಯ್ದ ಮುಖವನ್ನು ನುಣ್ಣಗೆ ಉಜ್ಜಿದರೆ ಒಳಗೆ ಸಂದು ಉಳಿದಿದೆಯೇ ಎಂಬುದು ಕಾಣುತ್ತದೆ. ಸುಲಿಯುವಾಗ ಒಂದು ಎಳೆಯೂ ಕಡಿಯಬಾರದು. ಲಗ್ಗಿಗೆ ತೂರಿಸಲೆಂದು ಎಳೆಗಳನ್ನು ಕತ್ತರಿಸಿ ತೆಳುಮಾಡುವುದು ದೊಡ್ಡ ತಪ್ಪು. ಅದುಮುವ ಮೊದಲು ತುದಿಗೆ ಸೀಸದ ಬೆಸುಗೆ ಹಚ್ಚಲೂಬಾರದು. ಮೃದು ಬೆಸುಗೆ ಒತ್ತಡಕ್ಕೆ ಮೆಲ್ಲನೆ ಹರಿದು ಹಿಡಿತ ಸಡಿಲಾಗುತ್ತದೆ.

ಅಲ್ಯೂಮಿನಿಯಂ ಮತ್ತು ಸುರಕ್ಷತೆ

ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಬೇಗ ಕಟ್ಟುತ್ತದೆ. ಅದನ್ನು ಬ್ರಷ್‌ನಿಂದ ಉಜ್ಜಿ, ಆಕ್ಸೈಡ್ ತಡೆಯುವ ಲೇಪ ಹಚ್ಚಿ, ಅಲ್ಯೂಮಿನಿಯಂ ಲಗ್ಗನ್ನೇ ಬಳಸಬೇಕು. ತಾಮ್ರದ ಟರ್ಮಿನಲ್‌ಗೆ ಕಟ್ಟುವುದಿದ್ದರೆ ಬೈಮೆಟಾಲಿಕ್ ಲಗ್ಗು ಬೇಕು. ಇಲ್ಲದಿದ್ದರೆ ತೇವ ತಾಗಿದಾಗ ಅಲ್ಯೂಮಿನಿಯಂ ಸವೆಯುತ್ತದೆ. ಸಾಮಾನ್ಯ ಟೂಲಿನ ಹಿಡಿಯ ಪ್ಲಾಸ್ಟಿಕ್ ಹಿಡಿತಕ್ಕಷ್ಟೇ, ಶಾಕ್ ತಡೆಯಲು ಅಲ್ಲ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಮೂರೂ ಫೇಸ್‌ಗಳಲ್ಲಿ ಕರೆಂಟ್ ಇಲ್ಲವೆಂದು ಟೆಸ್ಟರ್‌ನಿಂದ ಖಚಿತಪಡಿಸಿಕೊಂಡ ಮೇಲೆಯೇ ಕೆಲಸಕ್ಕಿಳಿಯಬೇಕು.