ಸುರಪುರದ ಕೊನೆಯ ದೊರೆ ಮತ್ತು ಜಾತಕದ ಮಾತು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಶರಣಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಆದ್ಯ ವಚನಕಾರರಲ್ಲಿ ಅಗ್ರಗಣ್ಯನಾದ ಜೇಡರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ, ಕಾಲಜ್ಞಾನದ ಬಸವಣ್ಣನ ಕೊಡೇಕಲ್ಲು, ಮೌನೇಶ್ವರನ ತಿಂಥಣಿ, ಇವೆಲ್ಲವೂ ಇದೇ ನೆಲದಲ್ಲಿವೆ. ಮಗ್ಗದ ಮುಂದೆ ಕುಳಿತು ರಾಮನಾಥನನ್ನು ನೆನೆದವನ ನಾಡಿನಲ್ಲಿಯೇ ಬೇಡ ನಾಯಕರ ಸಂಸ್ಥಾನವೊಂದು ಬೆಳೆದು, ಮೊಗಲರನ್ನು ಎದುರಿಸಿ, ಕಡೆಗೆ ಇಂಗ್ಲಿಷರ ಕಾಲದಲ್ಲಿ ಅಳಿದುಹೋಯಿತು. ಆ ಸಂಸ್ಥಾನದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕನ ಜೀವನದೊಡನೆ ಒಂದು ಭವಿಷ್ಯವಾಣಿಯ ಕಥೆ ಹೆಣೆದುಕೊಂಡಿದೆ. ಓದಿದವರೆಲ್ಲ ‘ವಿಧಿಯನ್ನು ಮೀರಿದವರುಂಟೆ?’ ಎಂದು ನಿಟ್ಟುಸಿರಿಡುವುದು ವಾಡಿಕೆ. ಆದರೆ ಆ ನಿಟ್ಟುಸಿರಿನಲ್ಲಿ ಇತಿಹಾಸದ ಸತ್ಯವೆಷ್ಟು, ಅರಸನ ಆತ್ಮಗೌರವಕ್ಕೆ ಅನ್ಯಾಯವೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಸುರಪುರದ ನಾಯಕರ ಅಭಿಮಾನ ಒಂದೆರಡು ದಿನದ್ದಲ್ಲ. ದಕ್ಷಿಣವನ್ನೆಲ್ಲ ತುಳಿದಾಳಿದ ಔರಂಗಜೇಬನು ತನ್ನ ಮುಪ್ಪಿನಲ್ಲಿ, 1705ರಲ್ಲಿ, ತಾನೇ ಬಂದು ವಾಗಣಗೇರಿ ಕೋಟೆಯ ಮುಂದೆ ಬೀಡುಬಿಡಬೇಕಾಯಿತು. ಕೋಟೆ ಕೈವಶವಾಯಿತಾದರೂ ನಾಯಕರು ಕೈವಶವಾಗಲಿಲ್ಲ. ಇನ್ನೆರಡು ವರ್ಷಗಳಲ್ಲಿ ಬಾದಶಹನೇ ಕಾಲವಶನಾದನು, ನಾಯಕರು ಉಳಿದರು. ಇಂತಹ ಪರಂಪರೆಯ ಮನೆತನವು ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ನಿಜಾಮನಿಗೆ ಕಪ್ಪ, ಸಾಹುಕಾರರಿಗೆ ಸಾಲ, ಕಂಪನಿ ಸರಕಾರಕ್ಕೆ ವಿಧೇಯತೆ ಎಂಬ ಮೂರು ಹೊರೆಗಳ ಅಡಿಯಲ್ಲಿ ಬಗ್ಗಿತ್ತು.

1842ರಲ್ಲಿ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನು ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಅಧಿಕಾರ ಒಂದು ಕಡೆ, ಅರಮನೆಯ ಹಿರಿಯ ಪಿಡ್ಡ ನಾಯಕನ ಹಕ್ಕು ಇನ್ನೊಂದು ಕಡೆ, ಇವುಗಳ ನಡುವೆ ಸಂಸ್ಥಾನದ ಮೇಲ್ವಿಚಾರಣೆಗೆ ಕ್ಯಾಪ್ಟನ್ ಮೆಡೋಸ್ ಟೇಲರನು ನೇಮಕಗೊಂಡಿದ್ದನು. ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯಿಂದ 1839ರಲ್ಲಿಯೇ ಹೆಸರಾಗಿದ್ದ ಈ ಅಧಿಕಾರಿ 1853ರವರೆಗೆ ಸುರಪುರದಲ್ಲಿದ್ದು, ಲೆಕ್ಕಪತ್ರಗಳನ್ನು ಸರಿಪಡಿಸಿ, ಕೆರೆಗಳನ್ನು ಕಟ್ಟಿಸಿ, ಗುಡ್ಡದ ಮೇಲೆ ಮನೆಯನ್ನೂ ಕಟ್ಟಿಸಿಕೊಂಡನು. ಆ ಮನೆಯನ್ನು ಊರಿನವರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಬಾಲ ಅರಸನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಪ್ರೀತಿ ನಿಜವಾದುದು, ಆದರೆ ಆ ಅಪ್ಪನು ಕಂಪನಿಯ ನೌಕರನೆಂಬುದೂ ಅಷ್ಟೇ ನಿಜ.

ಭವಿಷ್ಯವಾಣಿಯ ವೃತ್ತಾಂತ ನಮಗೆ ದೊರೆಯುವುದು ಟೇಲರನ ಆತ್ಮಕಥೆಯಿಂದ. ರಾಣಿಯು ಒಮ್ಮೆ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಟೇಲರನನ್ನು ಕರೆಸಿಕೊಂಡು, ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಮಗನ ಜಾತಕದ ಗುಟ್ಟನ್ನು ತಿಳಿಸಿದಳಂತೆ. ಅರಸನು ತನ್ನ ಇಪ್ಪತ್ತನಾಲ್ಕನೆಯ ವರ್ಷವನ್ನು ಪೂರೈಸುವುದಿಲ್ಲವೆಂಬುದೇ ಆ ಗುಟ್ಟು. ಅರಮನೆಯಲ್ಲಿ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು ಜನ. ಯಾವನ ಆಯುಷ್ಯದ ಮಾತು ಅದಾಗಿತ್ತೋ ಅವನ ಕಿವಿಗೆ ಅದು ಬೀಳದಂತೆ ನೋಡಿಕೊಳ್ಳಲಾಯಿತು. ತಾಯಿಯ ಕರುಳು ವಿಧಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲು ಯತ್ನಿಸಿತು ಎನ್ನಬಹುದು.

1853ರಲ್ಲಿ ವೆಂಕಟಪ್ಪನಿಗೆ ಅಧಿಕಾರ ವಹಿಸಿ ಟೇಲರನು ನಳದುರ್ಗಕ್ಕೆ ಹೊರಟುಹೋದನು. ಹದಿಹರೆಯದ ಅರಸನ ಸುತ್ತ ಹೊಗಳುಭಟರು ನೆರೆದರು, ಬೊಕ್ಕಸ ಕರಗಿತು ಎಂದು ಟೇಲರನು ದೂರುತ್ತಾನೆ. ಅಷ್ಟರಲ್ಲಿ 1857 ಬಂದಿತು. ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದರು. ಸುರಪುರಕ್ಕೂ ಉತ್ತರದಿಂದ ದೂತರು ಬಂದರು; ಬೇಡ ದಂಡು ಕೂಡತೊಡಗಿತು. 1858ರ ಜನವರಿಯಲ್ಲಿ ರೆಸಿಡೆಂಟನು ಕ್ಯಾಪ್ಟನ್ ಕ್ಯಾಂಬೆಲನನ್ನು ಅರಸನಿಗೆ ಬುದ್ಧಿ ಹೇಳಲು ಕಳುಹಿಸಿದನು. ಅರಸನು ಬಗ್ಗಲಿಲ್ಲ. ಫೆಬ್ರವರಿ 7ರ ರಾತ್ರಿ ಕ್ಯಾಪ್ಟನ್ ವಿಂಡಮ್‌ನ ಬಿಡಾರದ ಮೇಲೆ ಸುರಪುರದ ಜನ ಎರಗಿದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಕರ್ನಲ್ ಮಾಲ್ಕಮ್‌ನ ಸೈನ್ಯವೂ ಸಮೀಪಿಸುತ್ತಿದೆಯೆಂಬುದು ತಿಳಿದೊಡನೆ ಅರಸನು ರಾತ್ರಿಯಲ್ಲಿ ಊರು ಬಿಟ್ಟನು.

ಅವನು ಹೋದದ್ದು ಹೈದರಾಬಾದಿಗೆ. ಅಲ್ಲಿ ಆಶ್ರಯ ದೊರೆಯಬಹುದೆಂಬ ಆಸೆಯಿದ್ದಿರಬೇಕು. ಆದರೆ ಪೇಟೆಯಲ್ಲಿಯೇ ಸೆರೆಸಿಕ್ಕಿದನು. ದಿವಾನ ಸಾಲಾರ್ ಜಂಗನು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದನು. ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟನು ಅದನ್ನು ಆಜೀವ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲ್ಲನು ಮತ್ತೂ ಇಳಿಸಿ, ಮದ್ರಾಸಿನ ಸಮೀಪದ ಕೋಟೆಯೊಂದರಲ್ಲಿ ನಾಲ್ಕು ವರ್ಷಗಳ ಸೆರೆವಾಸ ವಿಧಿಸಿದನು. ನಡತೆ ಸುಧಾರಿಸಿದರೆ ಸಂಸ್ಥಾನ ಮರಳಿ ದೊರೆಯುವ ಭರವಸೆಯೂ ಇತ್ತು.

ಸುರಪುರದ ಆಡಳಿತಕ್ಕೆ ಆ ವರ್ಷ ಮರಳಿ ಬಂದಿದ್ದ ಟೇಲರನ ಬಳಿಗೆ ಅರಮನೆಯ ವೃದ್ಧ ಬ್ರಾಹ್ಮಣನೊಬ್ಬನು ಬಂದು ಹಳೆಯ ಜಾತಕದ ಮಾತನ್ನು ನೆನಪಿಸಿದನಂತೆ. ಗಂಡಾಂತರ ಕಳೆಯಿತು, ಪ್ರಾಣ ಉಳಿಯಿತು ಎಂದು ಟೇಲರನು ಹೇಳಿದರೂ ವೃದ್ಧನು ನಂಬಲಿಲ್ಲ. ಅನಂತರ ಸುದ್ದಿ ಬಂದಿತು. ಹೈದರಾಬಾದಿನಿಂದ ಸೆರೆಮನೆಗೆ ಸಾಗಿಸುತ್ತಿದ್ದಾಗ, ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯು ಬಿಚ್ಚಿಟ್ಟಿದ್ದ ಪಿಸ್ತೂಲಿನ ಗುಂಡು ತಗುಲಿ ವೆಂಕಟಪ್ಪ ನಾಯಕನು ಅಸುನೀಗಿದ್ದನು. ವಯಸ್ಸು ಇಪ್ಪತ್ತನಾಲ್ಕರ ಒಳಗೆ.

ಕಥೆ ಇಲ್ಲಿಗೇ ನಿಂತರೆ ಅದು ವಿಧಿಯ ಜಯವಾಗುತ್ತದೆ. ತಾಯಿ ಬಚ್ಚಿಟ್ಟಳು, ಅರಸ ಓಡಿದನು, ಸರಕಾರ ಕ್ಷಮಿಸಿತು, ಯಾವುದೂ ಫಲಿಸಲಿಲ್ಲ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಈ ಭವಿಷ್ಯವಾಣಿಗೆ ಸಾಕ್ಷಿ ಟೇಲರನೊಬ್ಬನೇ. ಅವನ ಆತ್ಮಕಥೆ ಪ್ರಕಟವಾದುದು 1877ರಲ್ಲಿ, ಲೇಖಕನು ತೀರಿಕೊಂಡ ಮರುವರ್ಷ. ಫಲಿಸಿದ ಒಂದು ಜಾತಕ ಗ್ರಂಥಸ್ಥವಾಗುತ್ತದೆ, ಫಲಿಸದ ನೂರು ಜಾತಕಗಳು ಗೆದ್ದಲಿಗೆ ಆಹಾರವಾಗುತ್ತವೆ. ಅಲ್ಲದೆ ಒಂದು ಸಂಸ್ಥಾನದ ಅಳಿವನ್ನು ಗ್ರಹಗಳ ತಲೆಗೆ ಕಟ್ಟಿದರೆ ಕಪ್ಪ, ಸಾಲ, ಸೈನ್ಯಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಎರಡನೆಯದು ಇನ್ನೂ ಮುಖ್ಯವಾದುದು. ಸೆರೆಯಲ್ಲಿದ್ದ ಅರಸನನ್ನು ಕಂಡ ಟೇಲರನು ಬಂಡಾಯಕ್ಕೆ ಪ್ರೇರಿಸಿದವರ ಹೆಸರುಗಳನ್ನು ಹೇಳುವಂತೆಯೂ, ರೆಸಿಡೆಂಟನನ್ನು ಕಾಣುವಂತೆಯೂ ಒತ್ತಾಯಿಸಿದನು. ಅರಸನು ಎರಡಕ್ಕೂ ಒಪ್ಪಲಿಲ್ಲ. ಹೇಡಿಯಂತೆ ಪ್ರಾಣಭಿಕ್ಷೆ ಬೇಡುವುದು ತನಗೆ ಸಲ್ಲದೆಂದನು. ಜೊತೆಗಾರರ ಹೆಸರನ್ನು ತುಟಿಯಿಂದ ಹೊರಡಿಸಲಿಲ್ಲ. ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿಸಿಕೊಳ್ಳುವುದೇ ಲೇಸೆಂದನು. ಸಾಮಾನ್ಯ ಬೇಡನೇ ಸೆರೆಯಲ್ಲಿ ಬದುಕಲಾರನಾಗಿರುವಾಗ ತಾನು ಬದುಕುವುದೆಂತು ಎಂಬುದು ಅವನ ಪ್ರಶ್ನೆಯಾಗಿತ್ತು. ಗುಂಡು ಆಕಸ್ಮಿಕವಾಗಿ ಹಾರಿತೋ, ಅರಸನೇ ಹಾರಿಸಿಕೊಂಡನೋ ಎಂಬುದು ಚರ್ಚೆಯ ವಿಷಯ. ಆದರೆ ಈ ಪ್ರಶ್ನೆಯನ್ನು ಕೇಳಿದವನ ಕೈಗೆ ಆ ಪಿಸ್ತೂಲು ಎಟುಕಿತ್ತೆಂಬುದನ್ನು ನೆನೆದಾಗ, ಅವನ ಮರಣವನ್ನು ಅರಿಯಲು ನಕ್ಷತ್ರಗಳವರೆಗೆ ಹೋಗಬೇಕಾಗಿಲ್ಲವೆನಿಸುತ್ತದೆ. ಯಾವ ಅಭಿಮಾನವು ಅವನನ್ನು ಅವಿವೇಕದ ಕಾಳಗಕ್ಕೆ ಎಳೆಯಿತೋ ಅದೇ ಅಭಿಮಾನವು ಅವನನ್ನು ಮಿತ್ರದ್ರೋಹದಿಂದ ಕಾಪಾಡಿತು. ಒಂದನ್ನು ದೂಷಿಸಿ ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ.

ಈ ಸಂದರ್ಭದಲ್ಲಿ ಇದೇ ಸೀಮೆಯ ಕಾಲಜ್ಞಾನ ಪರಂಪರೆಯನ್ನು ನೆನೆಯುವುದು ಉಚಿತ. ಕೊಡೇಕಲ್ಲ ಬಸವಣ್ಣನ ಪಂಥದವರು ಹಾಡುತ್ತ ಬಂದ ಕಾಲಜ್ಞಾನವೂ ಬರಲಿರುವುದನ್ನೇ ಹೇಳುತ್ತದೆ. ಆದರೆ ಅದು ಪೆಟ್ಟಿಗೆಯೊಳಗಿನ ಗುಟ್ಟಲ್ಲ, ಒಬ್ಬನ ಆಯುಷ್ಯದ ಗಣಿತವಲ್ಲ. ಮದಿಸಿದ ರಾಜ್ಯಗಳು ಉರುಳುವುವು, ಕಲ್ಯಾಣ ಮತ್ತೆ ಮೂಡುವುದು ಎಂಬ ಮಾತನ್ನು ಅದು ಬೀದಿಯಲ್ಲಿ ನಿಂತು ಎಲ್ಲರಿಗೂ ಸಾರುತ್ತದೆ. ಕೇಳಿದವನು ತನ್ನ ನಡೆಯನ್ನು ತಿದ್ದಿಕೊಳ್ಳಲೆಂಬುದು ಅದರ ಆಶಯ. ಜಾತಕ ಭಯವನ್ನು ಹುಟ್ಟಿಸಿದರೆ ಕಾಲಜ್ಞಾನ ಎಚ್ಚರವನ್ನು ಹುಟ್ಟಿಸುತ್ತದೆ. ಸುರಪುರದ ಅರಮನೆಯಲ್ಲಿ ಇದ್ದದ್ದು ಭಯ. ಇಲ್ಲದೆ ಹೋದದ್ದು ಎಚ್ಚರ. ಮಗನಿಗೆ ಆಯುಷ್ಯದ ಗುಟ್ಟನ್ನು ಮುಚ್ಚಿಟ್ಟ ಆ ಅರಮನೆ, ರಾಜ್ಯದ ಸಾಲದ ಭಾರವನ್ನೂ ಶತ್ರುವಿನ ಬಲವನ್ನೂ ಅವನ ಮುಂದೆ ಬಿಚ್ಚಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಬಸವಾದಿ ಪ್ರಮಥರು ಲಗ್ನ, ರಾಶಿ, ತಾರಾಬಲಗಳ ಗೊಡವೆಯನ್ನು ತೊರೆದವರು. ಅದು ಕೇವಲ ಜ್ಯೋತಿಷ್ಯದ ಖಂಡನೆಯಲ್ಲ. ಮನುಷ್ಯನ ಹೊಣೆಗಾರಿಕೆಯನ್ನು ಆಕಾಶದಿಂದ ಇಳಿಸಿ ಅವನ ಕೈಯಲ್ಲಿಟ್ಟ ಕ್ರಮ. ಆ ದೃಷ್ಟಿಯಿಂದ ನೋಡಿದರೆ ವೆಂಕಟಪ್ಪ ನಾಯಕನು ವಿಧಿಯ ಕೈಗೊಂಬೆಯಲ್ಲ. ತಪ್ಪಿದವನೂ ಹೌದು, ತಪ್ಪಿನ ನಡುವೆ ನುಡಿಗೆಡದವನೂ ಹೌದು.

1860ರ ಒಪ್ಪಂದದಂತೆ ಸುರಪುರವು ನಿಜಾಮನ ಪಾಲಾಯಿತು. 1956ರಲ್ಲಿ ಈ ಸೀಮೆ ಕನ್ನಡ ನಾಡಿನೊಡನೆ ಒಂದಾಯಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆ ರೂಪುಗೊಂಡಿತು. ಅಂದಿನ ಜಾತಕದ ಮಾತು ಫಲಿಸಿತೆಂದು ಅಚ್ಚರಿಪಡುವವರು ಇಂದಿಗೂ ಇದ್ದಾರೆ. ಆದರೆ ಸುರಪುರದ ಜನ ತಮ್ಮ ಕೊನೆಯ ದೊರೆಯನ್ನು ನೆನೆಯುವುದು ಅವನು ಎಷ್ಟು ವರ್ಷ ಬಾಳಿದನೆಂಬುದಕ್ಕಾಗಿ ಅಲ್ಲ. ಪ್ರಾಣ ಉಳಿಸಿಕೊಳ್ಳುವ ಬಾಗಿಲು ತೆರೆದಿದ್ದಾಗಲೂ ಅವನು ಹೇಳದೆ ಉಳಿಸಿದ ಹೆಸರುಗಳಿಗಾಗಿ. ಆಯುಷ್ಯವನ್ನು ಅಳೆದ ಗ್ರಹಗಳಿಗೆ ಆ ಮೌನವನ್ನು ಅಳೆಯುವುದು ಸಾಧ್ಯವಾಗಲಿಲ್ಲ.