ಗಾಳಿಯಿಂದ ಮಣ್ಣಿನ ಸವಕಳಿ: ಕಣಗಳು ಮೇಲೇಳುವ ಬಗೆ ಮತ್ತು ತಡೆಗಟ್ಟುವ ಕ್ರಮಗಳು

ಮಣ್ಣಿನ ಸವಕಳಿ ಎಂದೊಡನೆ ಮಳೆನೀರಿನ ಹರಿವು ನೆನಪಾಗುತ್ತದೆ. ಆದರೆ ಚಿತ್ರದುರ್ಗ, ಬಳ್ಳಾರಿ ಮೊದಲಾದ ಒಣ ಪ್ರದೇಶಗಳ ಮರಳುಮಿಶ್ರಿತ ಕೆಂಪು ಭೂಮಿಗಳಲ್ಲಿ ಮಳೆ ಹಿಂದೆ ಸರಿದು ಪಡುವಣ ಗಾಳಿ ಬಲವಾಗಿ ಬೀಸುವ ಜೂನ್‌ನಿಂದ ಆಗಸ್ಟ್‌ವರೆಗಿನ ದಿನಗಳಲ್ಲಿ ಗಾಳಿಯೂ ಮಣ್ಣನ್ನು ಒಯ್ಯುತ್ತದೆ. ಒಂದು ಎಕರೆಯಲ್ಲಿ ಮೇಲ್ಮಣ್ಣು ಕೇವಲ 1 ಮಿ.ಮೀ. ಹೋದರೆ ಸುಮಾರು 5 ಟನ್ ಮಣ್ಣು ನಷ್ಟವಾದಂತೆ. ಮೊದಲು ಹೋಗುವುದು ಪೋಷಕಾಂಶ ಹಿಡಿದಿಡುವ ನುಣುಪಾದ ಜೇಡಿ ಮತ್ತು ಸಾವಯವ ಅಂಶ, ಉಳಿಯುವುದು ಮರಳು.

ಕಣಗಳು ಮೇಲೇಳುವ ಬಗೆ

ನೆಲಕ್ಕೆ ಅಂಟಿಕೊಂಡಂತೆ ಗಾಳಿಯ ಅತಿ ತೆಳುವಾದ ನಿಧಾನಗತಿಯ ಪದರವೊಂದಿರುತ್ತದೆ. ಅದರ ಮೇಲೆ ಗಾಳಿಯು ಸಮನಾಗಿ ಹರಿಯದೆ ಸುಳಿಗಳಾಗಿ, ಬೀಸುಗಳಾಗಿ ಸಾಗುತ್ತದೆ. ಸುಳಿಯೊಂದು ಕೆಳಗಿಳಿದು ನೆಲವನ್ನು ಸವರಿದಾಗ ಕಣದ ಮೇಲೆ ತಳ್ಳುವ ಬಲವೂ ಎತ್ತುವ ಬಲವೂ ಒಮ್ಮೆಲೇ ಹೆಚ್ಚುತ್ತವೆ. ಇವು ಕಣದ ಭಾರ ಮತ್ತು ಕಣಗಳ ನಡುವಿನ ಅಂಟನ್ನು ಮೀರಿದರೆ ಕಣ ಕದಲುತ್ತದೆ. ಆದ್ದರಿಂದ ಸರಾಸರಿ ವೇಗ ಕಡಿಮೆಯಿದ್ದರೂ ಒಂದು ಜೋರಾದ ಬೀಸು ಸವಕಳಿಯನ್ನು ಆರಂಭಿಸಬಲ್ಲದು.

ಸುಮಾರು 0.1 ಮಿ.ಮೀ. ಗಾತ್ರದ ಕಣಗಳು ಎಲ್ಲಕ್ಕಿಂತ ಸುಲಭವಾಗಿ ಕದಲುತ್ತವೆ. ಅದಕ್ಕಿಂತ ದಪ್ಪ ಕಣಗಳನ್ನು ಭಾರ ತಡೆಯುತ್ತದೆ. ನುಣುಪಾದವು ಪರಸ್ಪರ ಅಂಟಿಕೊಂಡು, ನಿಧಾನಗತಿಯ ಪದರದೊಳಗೆ ಅಡಗಿರುತ್ತವೆ.

ಚಲನೆಯ ಮೂರು ವಿಧಗಳು

• ಉರುಳುವಿಕೆ: 0.5 ಮಿ.ಮೀ.ಗಿಂತ ದಪ್ಪ ಕಣಗಳು ನೆಲದ ಮೇಲೆಯೇ ಉರುಳುತ್ತವೆ.
• ಜಿಗಿತ: 0.1ರಿಂದ 0.5 ಮಿ.ಮೀ. ಕಣಗಳು ಮೇಲೆದ್ದು, ಮುಂದೆ ಸಾಗಿ, ಓರೆಯಾಗಿ ನೆಲಕ್ಕೆ ಬಡಿಯುತ್ತವೆ. ಸಾಗುವ ಮಣ್ಣಿನ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಈ ಬಗೆಯದು.
• ತೇಲುವಿಕೆ: 0.1 ಮಿ.ಮೀ.ಗಿಂತ ನುಣುಪಾದ ಧೂಳು ಆಕಾಶಕ್ಕೇರಿ ಬಹುದೂರ ಹೋಗುತ್ತದೆ.

ಜಿಗಿಯುವ ಕಣವೇ ಮುಖ್ಯ ಶತ್ರು. ಅದರ ಹೊಡೆತದಿಂದ ಅಡಗಿದ್ದ ಧೂಳು ಬಿಡುಗಡೆಯಾಗುತ್ತದೆ, ದಪ್ಪ ಕಣಗಳು ಉರುಳುತ್ತವೆ, ಶೇಂಗಾದ ಎಳೆಯ ಸಸಿಗಳ ಎಲೆ-ಕಾಂಡಗಳು ತರಚುತ್ತವೆ. ಒಮ್ಮೆ ಜಿಗಿತ ಆರಂಭವಾದರೆ ಗಾಳಿ ತುಸು ತಗ್ಗಿದರೂ ಅದು ನಿಲ್ಲುವುದಿಲ್ಲ. ಹೊಲ ಉದ್ದವಾದಷ್ಟೂ ಗಾಳಿ ಸಾಗುವ ದಿಕ್ಕಿನಲ್ಲಿ ಹಾನಿ ಬೆಳೆಯುತ್ತಾ ಹೋಗುತ್ತದೆ. ಆದುದರಿಂದ ಮೊದಲ ಕಣ ಕದಲದಂತೆ ನೋಡಿಕೊಳ್ಳುವುದೇ ಲೇಸು.

ತಡೆಗಟ್ಟುವ ಕ್ರಮಗಳು

1. ಭೂಮಿಯನ್ನು ಹಿಟ್ಟಿನಂತೆ ನುಣುಪು ಮಾಡಬಾರದು. ಒಣಗಿದ ಮಣ್ಣಿನಲ್ಲಿ ರೋಟಾವೇಟರನ್ನು ಪದೇ ಪದೇ ಓಡಿಸುವುದರಿಂದ ಹೆಂಟೆಗಳು ಪುಡಿಯಾಗುತ್ತವೆ. 0.84 ಮಿ.ಮೀ.ಗಿಂತ ದಪ್ಪನಾದ ಮಣ್ಣಿನ ಹರಳುಗಳನ್ನು ಗಾಳಿ ಸುಲಭವಾಗಿ ಒಯ್ಯಲಾರದು.
2. ಹಿಂದಿನ ಬೆಳೆಯ ಕೂಳೆಯನ್ನು ಸುಡದೆ, ಕೀಳದೆ ಬಿಡಬೇಕು. ನಿಂತ ಕೂಳೆಯು ಮಲಗಿದ ಕಸಕ್ಕಿಂತ ಹೆಚ್ಚು ಪರಿಣಾಮಕಾರಿ.
3. ಉಳುಮೆ ಮತ್ತು ಬಿತ್ತನೆ ಸಾಲುಗಳು ಗಾಳಿಗೆ ಅಡ್ಡಲಾಗಿ, ಅಂದರೆ ಉತ್ತರ-ದಕ್ಷಿಣವಾಗಿ ಇರಲಿ. ಇಳಿಜಾರು ಭೂಮಿಯಲ್ಲಿ ಮಾತ್ರ ಸಮಪಾತಳಿ ಸಾಲಿಗೇ ಆದ್ಯತೆ ನೀಡಬೇಕು.
4. ಕೊಟ್ಟಿಗೆ ಗೊಬ್ಬರ ಮತ್ತು ಕೆರೆಯ ಹೂಳನ್ನು ಸೇರಿಸಿದರೆ ಮರಳು ಮಣ್ಣಿಗೆ ಅಂಟು ಬರುತ್ತದೆ.
5. ಪಡುವಣ ಬದುವಿನಲ್ಲಿ ಹೊಂಗೆ, ಬೇವು, ಸರ್ವೆ, ಗ್ಲಿರಿಸಿಡಿಯಾ ಮುಂತಾದವುಗಳ ಗಾಳಿತಡೆ ಸಾಲು ಬೆಳೆಸಬೇಕು. ಮರದ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಉತ್ತಮ ರಕ್ಷಣೆ ದೊರೆಯುತ್ತದೆ. ಸಾಲು ಗೋಡೆಯಂತೆ ದಟ್ಟವಾಗಿರಬಾರದು. ಹಾಗಿದ್ದರೆ ಅದರ ಹಿಂದೆಯೇ ಹೊಸ ಸುಳಿಗಳು ಏಳುತ್ತವೆ. ಅರ್ಧದಷ್ಟು ಗಾಳಿ ಸೋಸಿಹೋಗುವಂತಿದ್ದರೆ ಸೂಕ್ತ.

ಸಾಗುವ ಮಣ್ಣಿನ ಪ್ರಮಾಣವು ಸ್ಥೂಲವಾಗಿ ಗಾಳಿಯ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ನೆಲಮಟ್ಟದ ವೇಗವನ್ನು ಕಾಲುಭಾಗ ತಗ್ಗಿಸಿದರೂ ನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ತುರ್ತು ಕ್ರಮ

ಬಿತ್ತದ ಹೊಲದಲ್ಲಿ ಮಣ್ಣು ಹಾರತೊಡಗಿದರೆ, ಗಾಳಿ ಬರುವ ಅಂಚಿನಿಂದ ಆರಂಭಿಸಿ ಅಡ್ಡಲಾಗಿ ನೇಗಿಲು ಹೊಡೆದು ಹೆಂಟೆಗಳನ್ನು ಮೇಲೆ ತರಬೇಕು. ಹೆಂಟೆ ಕಟ್ಟದ ಬರೀ ಮರಳು ಭೂಮಿಯಲ್ಲಿ ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಬೆಳೆಯ ಉಳಿಕೆಗಳ ಹೊದಿಕೆಯೇ ಆಧಾರ. ತಮ್ಮ ಮಣ್ಣಿಗೆ ಹೊಂದುವ ಕ್ರಮದ ಬಗ್ಗೆ ರೈತರು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.