ಹೆಣ್ಣುಕುದುರೆ ತಂದ ಅನರ್ಥ

ದಫ್ತರದಲ್ಲಿ ಉಳಿದ ಚರಿತ್ರೆ ಒಂದು. ಜನರ ಬಾಯಲ್ಲಿ ಉಳಿದ ಚರಿತ್ರೆ ಇನ್ನೊಂದು. ಇವೆರಡರ ನಡುವೆ ಒಂದು ಜನಾಂಗದ ಸ್ವಾಭಿಮಾನವೇ ಅಡಗಿರುವುದುಂಟು. ಅಮೆರಿಕದ ಟೆಕ್ಸಾಸ್ ಪ್ರಾಂತದ ಒಂದು ಪ್ರಸಂಗ ಇದಕ್ಕೆ ನಿದರ್ಶನ.

1848ರ ಒಪ್ಪಂದದಿಂದ ರಿಯೋ ಗ್ರಾಂಡೆ ನದಿ ಅಮೆರಿಕಕ್ಕೂ ಮೆಕ್ಸಿಕೋಗೂ ಗಡಿಯಾಯಿತು. ಉತ್ತರ ದಡದಲ್ಲಿ ಹಿಂದಿನಿಂದ ನೆಲೆಸಿದ್ದ ಸ್ಪ್ಯಾನಿಷ್ ಭಾಷಿಕರು ಮನೆ ಬಿಟ್ಟು ಕದಲದೆಯೇ ಪರಕೀಯರಾದರು. ಮನೆಯ ಮಾತು ಸ್ಪ್ಯಾನಿಷ್, ಕಚೇರಿಯ ಮಾತು ಇಂಗ್ಲಿಷ್.

1901ರ ಜೂನ್ 12ರಂದು, ಕುದುರೆಗಳ್ಳನೊಬ್ಬನನ್ನು ಹುಡುಕುತ್ತ ಷೆರೀಫ್ ಮಾರಿಸ್ ಎಂಬ ಅಧಿಕಾರಿ ಗ್ರೆಗೋರಿಯೋ ಕೊರ್ತೇಸ್ ಎಂಬ ರೈತನ ಮನೆಗೆ ಬಂದ. ಜೊತೆಯಲ್ಲಿದ್ದ ದುಭಾಷಿಗೆ ಸ್ಪ್ಯಾನಿಷ್ ಅರೆಬರೆ. "ಕಬಾಯೋ", ಎಂದರೆ ಗಂಡುಕುದುರೆ, ಕೊಂಡೆಯಾ ಎಂದು ಕೇಳಿದ. ಕೊರ್ತೇಸ್ ಪಡೆದಿದ್ದುದು "ಯೇಗ್ವಾ", ಹೆಣ್ಣುಕುದುರೆ, ಇಲ್ಲವೆಂದ. ಎತ್ತು ಕೊಂಡೆಯಾ ಎಂದರೆ ಹಸು ಕೊಂಡ ನಮ್ಮ ರೈತ ಮತ್ತೇನು ಹೇಳಿಯಾನು? ಅಧಿಕಾರಿಗೆ ಅದು ಸುಳ್ಳಾಗಿ ಕಂಡಿತು. ಗುಂಡು ಹಾರಿದುವು; ಕೊರ್ತೇಸನ ಅಣ್ಣ ಗಾಯಗೊಂಡ, ಷೆರೀಫ್ ಮಡಿದ.

ಕೊರ್ತೇಸ್ ಹತ್ತು ದಿನ ಕಾಲ್ನಡಿಗೆಯಲ್ಲಿಯೂ ಕುದುರೆಯ ಮೇಲೂ ತಪ್ಪಿಸಿಕೊಂಡು ಓಡಿದ. ದಾರಿಯಲ್ಲಿ ಇನ್ನೊಬ್ಬ ಷೆರೀಫನೂ ಸತ್ತ. ಕಡೆಗೆ ಗಡಿಯ ಬಳಿ ಸಿಕ್ಕಿಬಿದ್ದ. ಮಾರಿಸನ ಕೊಲೆಯ ಆರೋಪದಿಂದ ಬಿಡುಗಡೆಯಾದರೂ ಎರಡನೆಯದಕ್ಕೆ ಜೀವಾವಧಿ ಶಿಕ್ಷೆಯಾಯಿತು. 1913ರಲ್ಲಿ ರಾಜ್ಯಪಾಲರಿಂದ ಕ್ಷಮಾದಾನ ದೊರೆಯಿತು.

ಇಂಗ್ಲಿಷ್ ಪತ್ರಿಕೆಗಳಿಗೆ ಅವನು ದುಷ್ಟರ ಗುಂಪಿನ ನಾಯಕ. ಗಡಿಯ ಜನರಿಗೆ ತನ್ನ ಹಕ್ಕಿಗಾಗಿ ಒಂಟಿಯಾಗಿ ನಿಂತ ವೀರ. ನಮ್ಮ ಲಾವಣಿಯಂತಹ "ಕೊರಿದೋ" ಎಂಬ ಹಾಡುಗಳಲ್ಲಿ ಅವನ ಕಥೆ ಊರೂರು ಸುತ್ತಿತು. ಗಡಿಯೂರಾದ ಬ್ರೌನ್ಸ್‌ವಿಲ್‌ನಲ್ಲಿ 1915ರಲ್ಲಿ ಹುಟ್ಟಿದ ವಿದ್ವಾಂಸ ಅಮೇರಿಕೋ ಪರೇದೆಸ್ ಈ ಹಾಡಿನ ಪಾಠಾಂತರಗಳನ್ನು ಕೂಡಿಸಿ, ಚಾರಿತ್ರಿಕ ದಾಖಲೆಗಳೊಡನೆ ತೂಗಿನೋಡಿ 1958ರಲ್ಲಿ ಗ್ರಂಥ ಪ್ರಕಟಿಸಿದರು. ಜನಪದ ಗೀತವೂ ಚರಿತ್ರೆಗೆ ಸಾಕ್ಷಿ ನುಡಿಯಬಲ್ಲುದೆಂದು ಅದು ತೋರಿಸಿಕೊಟ್ಟಿತು. ಮುಂದಿನ ಚಿಕಾನೋ ಲೇಖಕರಿಗೆ ದಾರಿದೀಪವಾಯಿತು.

1982ರಲ್ಲಿ ಈ ಕಥೆ ಚಲನಚಿತ್ರವೂ ಆಯಿತು. ಅದರಲ್ಲಿ ಸ್ಪ್ಯಾನಿಷ್ ಮಾತುಗಳಿಗೆ ಇಂಗ್ಲಿಷ್ ಅಡಿಬರಹ ಕೊಡಲಿಲ್ಲ. ಇಂಗ್ಲಿಷೊಂದನ್ನೇ ಬಲ್ಲ ಪ್ರೇಕ್ಷಕ, ಷೆರೀಫನಂತೆಯೇ, ಎದುರಿಗಿದ್ದವನ ಮಾತು ತಿಳಿಯದೆ ಕೂರಬೇಕು. ಆಗಿದ್ದ ತಪ್ಪೇನೆಂದು ಅವನಿಗೆ ಗೊತ್ತಾಗುವುದು ಕಥೆಯ ಕೊನೆಯಲ್ಲಿ.

ಆ ಜನ ಇಂದು ಚಿಕಾನೋ, ಲಾಟಿನೋ ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಗಂಡುಹೆಣ್ಣೆಂಬ ಭೇದ ಬೇಡವೆನ್ನುವ ಕೆಲವರು ಲ್ಯಾಟಿನೆಕ್ಸ್ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಅವರು ಕೇಳುವುದು ಒಂದೇ: ತೀರ್ಪು ಕೊಡುವ ಮುನ್ನ ನಮ್ಮ ಮಾತನ್ನು ಸರಿಯಾಗಿ ಕೇಳಿರಿ.